ಅತ್ತೆಯ ಕೈ ಸೂಟಿ ತೆಗೆದುಕೊಂಡ ದಿನ

ಆ ದಿನ ಬೆಳಿಗ್ಗೆ ನಾನು ಮಾಡಿದ ಕೆಲಸ ಇಷ್ಟು. ಅಂಗಳ ಗುಡಿಸಿ ನೀರು ಹೊಡೆದೆ. ಹಾಲು ಕಾಯಿಸಿದೆ. ಮೊಸರು ಕಡೆದು ಬೆಣ್ಣೆ ತೆಗೆದಿಟ್ಟೆ. ಜೋಳದ ಹಿಟ್ಟು ಸಾಣಿಸಿದೆ, ಆದರೆ ರೊಟ್ಟಿ ಬಡಿಯಲಿಲ್ಲ. ಉಣ್ಣುವವರೇ ಇರಲಿಲ್ಲ. ನಮ್ಮ ಮನೆಯವರು ನೂಲು ತರಲು ಜಮಖಂಡಿಗೆ ಹೋಗಿದ್ದರು. ಮೈದುನ ಮತ್ತು ಅವನ ಹೆಂಡತಿ ಶೈಲಾ ತಮ್ಮ ಮಗಳನ್ನು ಕರೆದುಕೊಂಡು ಬೆಳಗಾವಿಯ ದೊಡ್ಡ ಆಸ್ಪತ್ರೆ ಸೇರಿದ್ದರು. ಮನೆಯಲ್ಲಿದ್ದವರು ನಾನು ಮತ್ತು ಅತ್ತೆ. ಅತ್ತೆ ಅಂದು ಉಪವಾಸ.

ಇಂಥ ಸಂಗತಿಗಳನ್ನು ನಾನು ನಂಬುವವಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಓಣಿಯಲ್ಲಿ ಯಾರಾದರೂ ಕನಸು ಬಿತ್ತು, ಹಲ್ಲಿ ನುಡಿಯಿತು ಎಂದರೆ ಹೌದು ಹೌದು ಎಂದು ತಲೆಯಾಡಿಸಿ, ಒಳಗೇ ನಗುತ್ತಿದ್ದೆ. ಹಲ್ಲಿಯ ಮಾತಿಗೆ ಈಗಲೂ ನಗುತ್ತೇನೆ. ಆದರೆ ಕೆಲವು ವರ್ಷಗಳ ಹಿಂದಿನ ಈ ಒಂದು ಸಂಗತಿಗೆ ನಗಲು ಬರುವುದಿಲ್ಲ.

ನಮ್ಮದು ಬನಹಟ್ಟಿ. ಪಡಸಾಲೆಯಲ್ಲಿ ಎರಡು ಪಾವರ್‌ಲೂಮ್ ಇವೆ, ಸೀರೆ ನೇಯುತ್ತೇವೆ. ಮೈದುನನ ಮಗಳು ದಾನೇಶ್ವರಿಗೆ ಆಗ ಆರು ವರ್ಷ. ಎಲ್ಲರಿಗೂ ಅವಳು ದಾನಿ. ಎಳೆಗೂಸಾಗಿದ್ದಾಗಿನಿಂದ ಅವಳಿಗೆ ಫಿಟ್ಸ್ ಬರುತ್ತಿದ್ದವು. ಜಮಖಂಡಿಯಲ್ಲಿ ತೋರಿಸಿದೆವು, ಮುಧೋಳದಲ್ಲಿ ತೋರಿಸಿದೆವು. ಗುಳಿಗೆ ಬದಲಾದವು, ಔಷಧಿ ಹೆಚ್ಚಾಯಿತು, ಫಿಟ್ಸ್ ನಿಲ್ಲಲಿಲ್ಲ. ಹೆಚ್ಚಾಗಿ ಬೆಳಿಗ್ಗೆ, ಹೊಟ್ಟೆಗೆ ಏನೂ ಬೀಳುವ ಮೊದಲೇ ಬರುತ್ತಿದ್ದವು. ಮಾತು ತಡವಾಯಿತು. ಬಲಗೈಯಲ್ಲಿ ಬಲವೇ ಇರಲಿಲ್ಲ. ಚಮಚ ಕೊಟ್ಟರೆ ಬೆರಳು ಮಡಚುತ್ತಿರಲಿಲ್ಲ, ಚಮಚ ಜಾರಿ ಬೀಳುತ್ತಿತ್ತು.

ಅತ್ತೆಗೆ ಈ ಬಲಗೈಯ ಮೇಲೆಯೇ ಜೀವ. ಅತ್ತೆ ನಮ್ಮ ಓಣಿಯಲ್ಲಿ ಕೆಚ್ಚುವುದರಲ್ಲಿ ಹೆಸರಾದವರು. ಮಗ್ಗದ ಹಾಸುನೂಲು ಮುಗಿದು, ನೂಲು ಸುತ್ತಿದ ಹೊಸ ಉರುಳೆ, ಅಂದರೆ ಬೀಮ್, ಏರಿಸಿದಾಗ ಹಳೆಯ ಎಳೆಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಗಂಟು ಹಾಕುವಂತಿಲ್ಲ, ಹಾಕಿದರೆ ಎಳೆಗಳು ಹಾಯುವ ಹಣಿಗೆಯ ಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಎರಡು ತುದಿ ಸೇರಿಸಿ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಬಿಡುತ್ತಾರೆ. ಅದೇ ಕೆಚ್ಚುವುದು. ಒಂದು ಬೀಮಿಗೆ ಸಾವಿರಾರು ಎಳೆ. ಅತ್ತೆ ಪ್ರತಿ ಎಳೆ ಹೊಸೆದಾಗಲೂ ಕಿರುಬೆರಳನ್ನು ಮೇಲಕ್ಕೆತ್ತಿ ಕೊಂಚ ಕೊಡವುತ್ತಾರೆ. ಅದು ಅವರದೊಂದು ಚಾಳಿ, ಬೇರೆ ಯಾರಲ್ಲೂ ನಾನು ಕಂಡಿಲ್ಲ. ದಾನಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳ ಬೆರಳಿಗೂ ಬೂದಿ ಹಚ್ಚುತ್ತಿದ್ದರು. "ಒಂದ ಎಳಿ ಕೆಚ್ಚವಾ ನನ್ನ ಬಂಗಾರ, ಬೆಲ್ಲ ಕೊಡ್ತೇನಿ." ಆ ಬೆರಳು ಎಂದೂ ಹೊಸೆಯಲಿಲ್ಲ. ಬೆಲ್ಲ ಮಾತ್ರ ದಿನಾ ಸಿಗುತ್ತಿತ್ತು.

ಬೆಳಗಾವಿಯ ಡಾಕ್ಟರು ಹೊಸದೊಂದು ಮಾತು ಹೇಳಿದ್ದರು. ಕೆಲವು ಮಕ್ಕಳಿಗೆ ರಕ್ತದಲ್ಲಿ ಸಕ್ಕರೆ ಇದ್ದರೂ ಅದು ಮಿದುಳಿಗೆ ದಾಟುವುದಿಲ್ಲವಂತೆ. ದಾನಿಯದು ಅದೇ ಇರಬಹುದು. ಹೌದೋ ಅಲ್ಲವೋ ತಿಳಿಯಲು ಉಪವಾಸವಿಟ್ಟು ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡಬೇಕು. ಅದೇ ಹೌದಾದರೆ ಗುಳಿಗೆಗಿಂತ ಊಟ ಬದಲಿಸುವುದೇ ದೊಡ್ಡ ಔಷಧಿ.

ಹೊರಡುವ ಹಿಂದಿನ ದಿನ ಮನೆಯಲ್ಲಿ ಜಗಳವೇ ಆಯಿತು.

"ಬೆನ್ನಾಗಿನ ನೀರ ತಗದ್ರ ಕೂಸು ಎದ್ದ ನಿಲ್ಲೂದಿಲ್ಲ," ಅಂದರು ಅತ್ತೆ.

"ನಿಲ್ತಾಳ್ರಿ ಅತ್ತಿ. ಅವ್ರು ದಿನಾ ತಗೀತಾರ್ರಿ," ಅಂದಳು ಶೈಲಾ.

"ಅವ್ರು ದಿನಾ ತಗೀತಾರ. ನಮ್ಮ ಕೂಸು ದಿನಾ ಕೊಡ್ತೈತೇನ?"

ಶೈಲಾ ದಾನಿಯ ಬಟ್ಟೆ ಮಡಚುತ್ತ, ಪರೀಕ್ಷೆಗೆ ಬಳಸಿ ಉಳಿದ ನೀರನ್ನು ಇಂಥ ಬೇರೆ ಮಕ್ಕಳ ಸಲುವಾಗಿ ಸಂಶೋಧನೆಗೆ ಇಟ್ಟುಕೊಳ್ಳಲು ಒಪ್ಪಿಗೆ ಕೇಳಿದ್ದಾರೆ ಎಂದು ಮೆಲ್ಲಗೆ ಹೇಳಿದಳು. ಅತ್ತೆ ದಾನಿಯ ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡರು.

"ಅದಕ್ಕ ಬ್ಯಾಡ ಅನ್ನಾಕ ನನಗ ಬಾಯಿಲ್ಲ. ಬ್ಯಾರೆ ಕೂಸೂ ಕೂಸ. ತಗೀಲಿ. ಆದ್ರ ನಾ ಬರೂದಿಲ್ಲ, ನನಗ ನೋಡಾಕ ಆಗೂದಿಲ್ಲ. ಬೀಮ್ ಬಂದೈತಿ, ಕೆಚ್ಚಕೋತ ಕುಂದ್ರತೇನಿ. ಕೂಸು ಉಣ್ಣೂ ತನಕ ನಾನೂ ಉಣ್ಣೂದಿಲ್ಲ."

ನಮ್ಮೆಲ್ಲರಿಗಿದ್ದ ಹೆದರಿಕೆ ಒಂದೇ. ಹಸಿದ ಹೊಟ್ಟೆಯಲ್ಲೇ ಅವಳಿಗೆ ಫಿಟ್ಸ್ ಹೆಚ್ಚು. ಸೂಜಿ ಹಾಕುವಾಗ ಅಲುಗಾಡಿದರೆ ಕೆಲಸ ಕೆಡುತ್ತದೆ, ಮತ್ತೆ ಇನ್ನೊಮ್ಮೆ ಚುಚ್ಚಬೇಕು. ಇನ್ನೊಮ್ಮೆ ಅಂದರೆ ಅತ್ತೆ ಖಂಡಿತ ಬಿಡುತ್ತಿರಲಿಲ್ಲ.

ಪರೀಕ್ಷೆಯ ಆ ದಿನ ಅತ್ತೆ ಬೂದಿಯ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಮಗ್ಗದ ಹಿಂದೆ ಕೂತಿದ್ದರು. ನಾನು ಅವರೆದುರು ಅವರೇಕಾಯಿ ಸುಲಿಯುತ್ತಿದ್ದೆ. ನಮ್ಮ ಎರಡೂ ಮಗ್ಗ ನಿಂತಿದ್ದವು, ಓಣಿಯ ಮಗ್ಗಗಳ ಸದ್ದು ಕೇಳುತ್ತಿತ್ತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಇದ್ದಕ್ಕಿದ್ದಂತೆ ಅತ್ತೆಯ ಬಲಗೈ ಎಳೆಗಳ ಮೇಲಿಂದ ಜಾರಿ ತೊಡೆಯ ಮೇಲೆ ಬಿತ್ತು. ಅವರು ಅದನ್ನೇ ನೋಡಿದರು. ಎತ್ತಲು ಹೋದರು, ಏಳಲಿಲ್ಲ.

ಅತ್ತೆಗೆ ಲಕ್ವಾ ಹೊಡೆಯಿತೆಂದೇ ತಿಳಿದೆ. ಓಡಿ ಹೋಗಿ ಕೈ ಹಿಡಿದೆ. ಬೆರಳು ಮಡಚಿ ನೋಡಿದೆ. ಆ ಹಿಡಿತ ನನಗೆ ಗೊತ್ತಿತ್ತು. ದಿನಾ ಚಮಚ ಕೊಡುವಾಗ ದಾನಿಯ ಬೆರಳು ಹೇಗಿರುತ್ತಿದ್ದವೋ ಹಾಗೇ ಇದ್ದವು, ಬೆಚ್ಚಗೆ, ಮೆತ್ತಗೆ, ಯಾವುದನ್ನೂ ಹಿಡಿಯದೆ.

"ಅತ್ತೀ, ಬಾಯಿ ನೆಟ್ಟಗೈತೇನ್ರಿ? ನಗರಿ ನೋಡೂಣು!"

"ನಗಾಕ ಏನಾಗೇತಿ ಬೇ ನಿನಗ?" ಅಂದರು. ಮಾತು ಸ್ಪಷ್ಟವಾಗಿತ್ತು. "ಇಷ್ಟ ವರ್ಷ ದುಡದೈತಿ. ಇವತ್ತ ಸೂಟಿ ತಗೊಂಡೈತಿ, ಬಿಡು."

ಎಣ್ಣೆ ಬಿಸಿ ಮಾಡಿ ತಂದು ತಿಕ್ಕಿದೆ. ಪಕ್ಕದ ಮನೆಯವರ ಆಟೊ ಕರೆಯೋಣವೆಂದು ಎದ್ದೆ. ಅಷ್ಟರಲ್ಲಿ ಅತ್ತೆ ದೊಡ್ಡದೊಂದು ಉಸಿರು ಬಿಟ್ಟರು. ಬೆರಳುಗಳು ಒಂದೊಂದಾಗಿ ಮಡಚಿದವು, ಬಿಚ್ಚಿದವು. ಅವರು ಏನೂ ಆಗಿಲ್ಲವೆಂಬಂತೆ ಬೂದಿ ಮುಟ್ಟಿ ಮತ್ತೊಂದು ಎಳೆ ಹಿಡಿದರು. ಆಟೊ ಕರೆಯುವುದನ್ನು ಬಿಟ್ಟು ನಾನು ಮತ್ತೆ ಅವರೇಕಾಯಿಗೆ ಕೂತೆ.

ಸುಲಿದ ಅವರೇಕಾಳು ತೊಳೆಯುತ್ತಿದ್ದಾಗ ಶೈಲಾಳ ಫೋನು ಬಂತು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಆತ್ರಿ ಅಕ್ಕಾರ, ಈಗರೆ ಮುಗೀತು. ನೀರು ಸಿಕ್ತು. ಒಂದೀಟೂ ಅಲ್ಲಾಡಲಿಲ್ರಿ ಕೂಸು."

"ಫಿಟ್ಸ್ ಬರಲಿಲ್ಲಾ?"

"ಅದ ತಿಳೀವಲ್ದ್ರಿ. ಮೊಣಕಾಲ ಹೊಟ್ಟಿಗೆ ಹಚ್ಚಿ ಮಲಗಸಿದ್ರು. ನಾ ತಲಿ ಕಡೆ ನಿಂತಿದ್ದೆ. ಸೂಜಿ ಹಾಕೂ ಹೊತ್ತಿಗೆ ಆಕೀ ಬಲಗೈ ಹೊಸ್ಯಾಕ ಚಾಲೂ ಮಾಡ್ತ್ರಿ. ಹೆಬ್ಬಟ್ಟು, ತೋರಬೆರಳು. ಆಮ್ಯಾಲೆ ಕಿರಿಬೆರಳ ಎತ್ತಿ ಝಾಡಸೋದು. ಅತ್ತಿ ಮಾಡ್ತಾರಲ್ರಿ, ಥೇಟ ಹಂಗ. ಕಣ್ಣ ತಗದ ನನ್ನ ನೋಡಾಕತ್ತಿದ್ಲು. ಸೂಜಿ ತಗದ ಮ್ಯಾಲೆ ಕೈ ಮತ್ತ ಹಂಗ ಬಿತ್ತು."

ಫಿಟ್ಸ್‌ನಲ್ಲಿ ಬೆರಳು ಹೀಗೆ ಹೊಸೆಯುವುದುಂಟು ಎಂದು ಡಾಕ್ಟರು ಹೇಳಿದರಂತೆ. ಇರಬಹುದು. ದಿನಾ ಪಕ್ಕದಲ್ಲಿ ಕೂತವಳು ಅಜ್ಜಿಯ ಚಾಳಿ ಕಲಿತಿರಲೂಬಹುದು. ವಯಸ್ಸಾದವರು ಉಪವಾಸವಿದ್ದು ಒಂದೇ ಸವನೆ ಕೂತರೆ ಕೈ ಜೋಮು ಹಿಡಿಯುವುದೂ ಹೊಸದಲ್ಲ. ಗಡಿಯಾರ ನೋಡಿಕೊಂಡವರು ಇಲ್ಲೂ ಇರಲಿಲ್ಲ, ಅಲ್ಲೂ ಇರಲಿಲ್ಲ. ಬೇರೆ ಬೇರೆಯಾಗಿ ಎಲ್ಲದಕ್ಕೂ ಉತ್ತರವಿದೆ. ಎರಡನ್ನೂ ಒಟ್ಟಿಗಿಟ್ಟರೆ ನನಗೆ ಉತ್ತರ ಸಿಗುವುದಿಲ್ಲ.

ಮುಂದೆ ಡಾಕ್ಟರ ಊಹೆಯೇ ನಿಜವಾಯಿತು. ಬೆನ್ನಿನ ನೀರಿನಲ್ಲಿ ಸಕ್ಕರೆ ತೀರ ಕಡಿಮೆ ಇತ್ತು. ಸುತ್ತ ಕಬ್ಬು ಬೆಳೆಯುವ ಸೀಮೆಯ ನಮ್ಮ ಹುಡುಗಿಗೆ ಬೆಲ್ಲ, ಸಕ್ಕರೆ, ರೊಟ್ಟಿ, ಅನ್ನ ಎಲ್ಲ ಬಂದ್. ಅವರು ಹೇಳಿಕೊಟ್ಟಂತೆ ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ತೂಗಿ ತೂಗಿ ಕೊಡುತ್ತೇವೆ. ತೂಗುವವಳು ನಾನು. ಫಿಟ್ಸ್ ಪೂರ್ತಿ ಹೋಗಿಲ್ಲ, ಆದರೆ ಅವು ಬಾರದ ವಾರಗಳನ್ನು ನೋಡಿದ್ದೇವೆ. ದಾನಿ ಶಾಲೆಗೆ ಹೋಗುತ್ತಾಳೆ. ಬಲಗೈ ಮಾತ್ರ ಹಾಗೆಯೇ ಇದೆ. ಅಂದಿನಂತೆ ಮತ್ತೆ ಎಂದೂ ಹೊಸೆದಿಲ್ಲ. ಅತ್ತೆ ಈಗಲೂ ಬೂದಿ ಹಚ್ಚುತ್ತಾರೆ, ಬೆಲ್ಲದ ಬದಲು ಬೆಣ್ಣೆಯ ಆಸೆ ತೋರಿಸುತ್ತಾರೆ.

ಅಂದು ಫೋನಿನ ಮಾತನ್ನು ನಾನು ಅತ್ತೆಗೆ ಹೇಳಿದಾಗ ಅವರು ಕೆಚ್ಚುವುದನ್ನು ನಿಲ್ಲಿಸಿ ತಮ್ಮ ಕೈಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು.

"ನಾ ಬರೂದಿಲ್ಲ ಅಂದಿದ್ದೆ," ಅಂದರು. "ಈ ಕೈ ನನ್ನ ಮಾತ ಕೇಳಿಲ್ಲ ನೋಡು."

ಆ ಸಂಜೆ ದಾನಿ ಉಪ್ಪಿಟ್ಟು ತಿಂದಳೆಂದು ಸುದ್ದಿ ಬಂದ ಮೇಲೆ ನಾನು ರೊಟ್ಟಿ ಬಡಿದೆ. ಅವರೇಕಾಳಿನ ಪಲ್ಯ, ಶೇಂಗಾ ಚಟ್ನಿ, ಬೆಳಿಗ್ಗೆ ತೆಗೆದ ಬೆಣ್ಣೆ. ಅತ್ತೆ ಎರಡು ರೊಟ್ಟಿ ಉಂಡರು. ನಮ್ಮ ಮನೆಯವರು ನೂಲಿನ ಗಂಟು ಇಳಿಸಿ ಮೂರು ಉಂಡರು. ಮೊದಲು ನಿದ್ದೆ ಹೋದವಳು ದಾನಿ, ಅಲ್ಲಿ ಆಸ್ಪತ್ರೆಯಲ್ಲಿ. ಅದು ಗೊತ್ತಾದ ಮೇಲೆ ಇಲ್ಲಿ ಅತ್ತೆ ಮಲಗಿದರು, ಬಲಗೈಯನ್ನು ಹೊದ್ದ ಕೌದಿಯ ಹೊರಗೆ ಬಿಟ್ಟುಕೊಂಡು.