ಕೈಗೆ ಬೈಯುವ ಕೋಲು

“ಅಯ್ಯ, ಇದು ಕೈಗೆ ಬೈತೈತ್ರಿ ಸಾಹೇಬ್ರ!” ರೋಸಕ್ಕ ಚೆಂಡಿಗೆ ಹೊಡೆದ ನನ್ನ ಹಳೇ ಗಾಲ್ಫ್ ಕೋಲು, ಕಬ್ಬಿಣದ ತಲೆಯ ‘ಐರನ್’, ಕೆಳಗಿಟ್ಟು ಅಂಗೈ ಉಜ್ಜಿಕೊಂಡಳು.

ಎಂಬತ್ತರ ದಶಕದ ಅಂಬಿಕಾನಗರ, ವಿದ್ಯುತ್ ಯೋಜನೆಯವರ ಊರು. ಕಾಲೊನಿ ಮೈದಾನದಲ್ಲಿ ಹುಲ್ಲು ಕೊಯ್ಯುತ್ತಿದ್ದ ಸಿದ್ದಿ ಹೆಣ್ಣುಮಗಳು ಆಕೆ. ಹೊಸ ಐರನ್ ಬಂದಿತ್ತು. ಹಳೇದನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಎರಡನ್ನೂ ಹೊಡೆದು ನೋಡುತ್ತಿದ್ದೆ. ನೋಡಿ ನಗುತ್ತ ನಿಂತ ಅವಳ ಕೈಗೇ ಮೊದಲು ಹಳೇದನ್ನು, ಆಮೇಲೆ ಹೊಸದನ್ನು ಕೊಟ್ಟೆ. ಹೊಸದರಲ್ಲಿ ಅವಳ ಏಟು ಅಂಚಿಗೆ ಬಿದ್ದರೂ ಚೆಂಡು ಬೇಲಿ ದಾಟಿತು, ಕೈಗೆ ಏನೂ ಆಗಲಿಲ್ಲ.

“ಇದ ಚಲೋ ಅಲ್ಲೇನು?” ಎಂದೆ.

“ಇದು ತಪ್ಪು ಮುಚ್ಚತೈತ್ರಿ. ಕುಡಗೋಲು ಕಲ್ಲಿಗೆ ಬಡಿದು ಕೈ ಝುಮ್ ಅಂದರನ ನಾವು ಕಲಿಯೂದು. ಬೈಯೂದನ್ನ ಇಟ್ಕೋರಿ.”

ಹಳೇದನ್ನು ಇಟ್ಟುಕೊಂಡು ಹೊಸದನ್ನೇ ಬೇರೆಯವರಿಗೆ ಕೊಟ್ಟುಬಿಟ್ಟೆ. ಈಗ, ಈ ಇಳಿವಯಸ್ಸಿನಲ್ಲಿ ನನಗೆ ಬೈಯುವವರು ಯಾರೂ ಉಳಿದಿಲ್ಲ. ಆ ಹಳೇ ಕೋಲಿನಲ್ಲಿ ಏಟು ತಪ್ಪಿ ಅಂಗೈ ಝುಮ್ಮೆಂದಾಗ, ರೋಸಕ್ಕನೇ ಬೈದಷ್ಟು ಹಿತ.