ಭಾವ ಕೊರೆದ ತೂತು

ಗೇರಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬ್ಯಾಂಕಿನವರನ್ನೂ ಅವನ ಅಕ್ಕನನ್ನೂ ಬಿಟ್ಟರೆ ಅದು ಯಾರಿಗೂ ನೆನಪಿರಲಿಲ್ಲ. ಹಳೇ ಕಾಲದ ಇಂಗ್ಲೆಂಡಿನ ಕಾರುಗಳಿಂದ ನಾಲ್ಕು ಗೇರಿನ ಪೆಟ್ಟಿಗೆ ಇಳಿಸಿ, ಆ ಜಾಗದಲ್ಲಿ ಐದು ಗೇರಿನದನ್ನು ಕೂರಿಸುವುದರಲ್ಲಿ ಅವನ ಕೈ ಪಳಗಿತ್ತು. ಅಜ್ಜನ ಕಾರು, ಮಾವನ ಕಾರು ಎಂದು ಜೀವ ಬಿಡುವವರು ದೂರದೂರದಿಂದ ಅವನ ತಗಡಿನ ಶೆಡ್ಡು ಹುಡುಕಿಕೊಂಡು ಬರುತ್ತಿದ್ದರು. ಐದನೆಯದು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಅವನ ಉತ್ತರ ಸಿದ್ಧವಿತ್ತು. "ನಾಲ್ಕನೇದರಲ್ಲಿ ಇಂಜಿನ್ ಕಿರುಚುತ್ತೆ ಸಾರ್. ಐದನೇದರಲ್ಲಿ ಅದೂ ಉಸಿರಾಡುತ್ತೆ, ನೀವೂ ಉಸಿರಾಡ್ತೀರಿ."

ಅವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು ಅಕ್ಕನ ಗಂಡ. ಓದು ತಲೆಗೆ ಹತ್ತದೆ ಬೀದಿ ಅಳೆಯುತ್ತಿದ್ದ ಭಾಮೈದನನ್ನು ಕಿವಿ ಹಿಂಡಿ ಕರೆತಂದು ತಮ್ಮ ಕಾರಿನಡಿ ಮಲಗಿಸಿದವರೂ ಅವರೇ. ಭಾವ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ತಲೆ ಹಣ್ಣಾಗುವ ತನಕ ದುಡಿದವರು. ಪಂಚ್ ಹೊಡೆದು ಗುರುತು ಮಾಡಿ ಡ್ರಿಲ್ ಹಿಡಿದರೆ ತೂತು ಕೂದಲೆಳೆಯಷ್ಟೂ ಆಚೀಚೆ ಹೋಗುತ್ತಿರಲಿಲ್ಲ. ಮಾತು ಮಾತ್ರ ಆಗಾಗ ಆಚೀಚೆ ಹೋಗುತ್ತಿತ್ತು. ಮೂಗಿನ ತುದಿಯಲ್ಲೇ ಸಿಟ್ಟು. ಅವರ ಕಾರು ಬೂದು ಬಣ್ಣದ್ದು, ಆಮೆಯ ಬೆನ್ನಿನಂಥ ಮೈಯದು. ಪೂರ್ತಿ ನಿಲ್ಲಿಸದೆ ಒಂದನೇ ಗೇರು ಹಾಕಲು ಹೋದರೆ ಹಲ್ಲು ಕಡಿಯುವ ಕಾರು. ಅದಕ್ಕೂ ಯಜಮಾನನದೇ ಬುದ್ಧಿ ಎಂದು ಅಕ್ಕ ನಗುತ್ತಿದ್ದಳು.

ಆ ಕಾರಿಗೆಂದೇ ಗೇರಪ್ಪ ಒಮ್ಮೆ ಗುಜರಿ ಅಂಗಡಿಯಿಂದ ಒಂದು ಒಳ್ಳೆಯ ಐದು ಗೇರಿನ ಪೆಟ್ಟಿಗೆ ತಂದ. ಅದರ ಬಾಲಕ್ಕೆ ಆಸರೆಯಾಗುವ ಕಬ್ಬಿಣದ ಬ್ರಾಕೆಟ್ಟನ್ನೂ ತಾನೇ ಕೂತು ಮಾಡಿದ. ಭಾವ ಹಿಗ್ಗುತ್ತಾರೆ ಎಂದುಕೊಂಡಿದ್ದ ಪಾಪ. ಭಾವ ಗಿರಾಕಿಗಳ ಎದುರಿಗೇ ಎಗರಿಬಿದ್ದರು.

"ಈ ಕಾರು ಮಾಡಿದೋರು ದಡ್ಡರು, ನೀನು ಬುದ್ಧಿವಂತ ಅಂತಾನಾ?"

"ಕಾರಿಗೆ ವಯಸ್ಸಾಗಿಲ್ಲ ಭಾವ, ನಿಮ್ಮ ತಲೆಗೆ ಆಗಿದೆ."

ಗಿರಾಕಿಗಳು ನಕ್ಕರು. ಆ ನಗುವೇ ಕೆಲಸ ಕೆಡಿಸಿತು. ಭಾವನ ಮುಖ ಕೆಂಪಾಯಿತು. "ಇನ್ಮೇಲೆ ನನ್ನ ಮನೆ ಹೊಸ್ತಿಲು ತುಳೀಬೇಡ" ಎಂದವರೇ ಹೊರಟುಹೋದರು.

ಇವನೂ ತುಳಿಯಲಿಲ್ಲ. ಪೆಟ್ಟಿಗೆಯನ್ನೂ ಬ್ರಾಕೆಟ್ಟನ್ನೂ ಗೋಣಿಚೀಲದಲ್ಲಿ ಮುಚ್ಚಿ ಶೆಡ್ಡಿನ ಮೂಲೆಗೆ ತಳ್ಳಿದ. ಎರಡು ಮನೆಗಳ ನಡುವೆ ಇದ್ದದ್ದು ಎರಡೇ ಬೀದಿ. ಭಾವನ ಕಾರು ಬರುವ ಸದ್ದು ಕೇಳಿದರೆ ಗೇರಪ್ಪ ಸಿಕ್ಕಿದ ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದ. ಮೊದಲು ಅವರು ಮಾತಾಡಲಿ ಎಂದು ಇವನು, ಮೊದಲು ಇವನು ಬರಲಿ ಎಂದು ಅವರು. ಹೀಗೇ ಎರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದ ಭಾವ ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಸುದ್ದಿ ಕೇಳಿ ಗೇರಪ್ಪ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿದ. ಆದರೆ ಅಂಗಳದಲ್ಲೇ ನಿಂತ. ಅಕ್ಕ ಕರೆದರೂ ಒಳಗೆ ಕಾಲಿಡಲಿಲ್ಲ. ಬೇಡ ಎಂದವರು ಬಾ ಎನ್ನದೇ ಹೋಗಿಬಿಟ್ಟರು; ಈಗ ಅವರು ಇಲ್ಲವೆಂದು ಒಳಗೆ ನುಗ್ಗುವುದು ಕಳ್ಳತನವೆನಿಸಿತು. ತನ್ನ ಮೇಲಿನ ಸಿಟ್ಟನ್ನು ಅವರು ಹಾಗೇ ಹೊತ್ತುಕೊಂಡು ಹೋದರು ಎಂಬುದು ಅವನ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿಯಿತು. ಹೆಂಡತಿಯ ಹತ್ತಿರವೂ ಅವನು ಅದನ್ನು ಆಡಲಿಲ್ಲ.

ವರ್ಷ ತಿರುಗಿದ ಮೇಲೆ ಅಕ್ಕನೇ ಆ ಕಾರು ಓಡಿಸಿಕೊಂಡು ಶೆಡ್ಡಿಗೆ ಬಂದಳು.

"ಮಗಳ ಊರಿಗೆ ಹೋಗೋಕೆ ಹೈವೇನೇ ಹಿಡೀಬೇಕು ಕಣೋ. ಹಿಂದಿಂದ ಲಾರಿಯವನು ಹಾರನ್ ಮೇಲೆ ಹಾರನ್. ಇದು ನೋಡಿದ್ರೆ ಪ್ರಾಣ ಹೋದ ಹಾಗೆ ಅರಚುತ್ತೆ. ಮೊನ್ನೆ ಪಕ್ಕಕ್ಕೆ ನಿಲ್ಲಿಸಿ ಅತ್ತುಬಿಟ್ಟೆ. ನಿನ್ನ ಐದು ಗೇರು ಹಾಕಿಕೊಡು."

"ಬೇರೆ ಯಾರ ಹತ್ರಾನಾದ್ರೂ ಮಾಡಿಸಕ್ಕ. ಭಾವ ಬೇಡ ಅಂದಿದ್ದು ನಿಂಗೆ ಗೊತ್ತಲ್ಲ."

"ಬೇಡ ಅಂದೋರು ಹೋದ್ರು. ಓಡಿಸೋಳು ನಾನು. ನೀನು ಹಾಕಲ್ಲ ಅಂದ್ರೆ ಮಾರಿಬಿಡ್ತೀನಿ, ಅಷ್ಟೇ."

ಅಕ್ಕ ಕೀಲಿಯನ್ನು ಬೆಂಚಿನ ಮೇಲಿಟ್ಟು ನಡೆದೇಬಿಟ್ಟಳು. ಅವಳೂ ಸಿಟ್ಟಿನಲ್ಲಿ ಏನೂ ಕಡಿಮೆಯಿರಲಿಲ್ಲ.

ಗೇರಪ್ಪ ಮೂರ್ನಾಲ್ಕು ದಿನ ಕಾರಿನ ಸುತ್ತ ಸುಳಿದಾಡಿದ. ಬೇರೆಯವರ ಕಾರಾಗಿದ್ದರೆ ಅಷ್ಟರಲ್ಲಿ ಅರ್ಧ ಕೆಲಸ ಮುಗಿಯುತ್ತಿತ್ತು. ಕೊನೆಗೆ, ಮಾರಿದರೆ ಇನ್ಯಾವನೋ ಇದನ್ನು ಹಾಳುಗೆಡವುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕಾರನ್ನು ಶೆಡ್ಡಿನ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿದ. ಸೀಟು ತೆಗೆದ, ಗೇರಿನ ಕೋಲು ಬಿಚ್ಚಿದ, ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟು ಕಳಚಿದ. ಹಳೇ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೆಳಗಿಳಿಸಿ ಹಳೇ ಕಂಬಳಿಯ ಮೇಲೆ ಮಲಗಿಸಿದ. "ಭಾವ, ಕ್ಷಮಿಸಿ" ಎಂದು ಬಾಯಿಬಿಟ್ಟೇ ಹೇಳಿದ. ಶೆಡ್ಡಿನಲ್ಲಿ ಕೇಳುವವರು ಯಾರೂ ಇರಲಿಲ್ಲ.

ಐದು ಗೇರಿನ ಪೆಟ್ಟಿಗೆ ಹಳೆಯದಕ್ಕಿಂತ ಉದ್ದ. ಅದರ ಬಾಲ ಇನ್ನಷ್ಟು ಹಿಂದಕ್ಕೆ ಚಾಚುವುದರಿಂದ ಆಸರೆಯ ಬ್ರಾಕೆಟ್ಟೂ ಹಿಂದಕ್ಕೆ ಹೋಗಬೇಕು. ಅದಕ್ಕಾಗಿ ಕಾರಿನ ತಳದಲ್ಲಿ ಎಡಕ್ಕೊಂದು, ಬಲಕ್ಕೊಂದು ಹೊಸ ತೂತು ಕೊರೆಯಬೇಕು. ಎಲ್ಲಿ ಕೊರೆಯಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಲು ಗೇರಪ್ಪ ಗುಂಡಿಗಿಳಿದ. ಎಡಗಡೆಯ ಕೊಳೆ ಒರೆಸಿದ. ಬೆರಳು ಒಂದು ತೂತಿನೊಳಗೆ ಹೋಯಿತು.

ದುಂಡನೆಯ, ನಯವಾದ ತೂತು. ತುಕ್ಕು ಹಿಡಿಯದಿರಲೆಂದು ಅಂಚಿಗೆ ಕಾರಿನದೇ ಬೂದು ಬಣ್ಣ ಬಳಿದಿತ್ತು. ಕಾರು ಮಾಡಿದವರು ಅಲ್ಲಿ ತೂತು ಮಾಡಿರಲಿಲ್ಲ, ಅಂಥ ಕಾರುಗಳ ತಳವನ್ನು ಅವನು ಎಷ್ಟೋ ನೋಡಿದ್ದ. ಅವಸರದಿಂದ ಬಲಗಡೆ ಒರೆಸಿದ. ಅಲ್ಲೂ ಇತ್ತು. ಆದರೆ ಅದು ದುಂಡಗಿರಲಿಲ್ಲ. ಡ್ರಿಲ್ಲು ಜಾರಿ ಜಾರಿ ಕಬ್ಬಿಣದ ಮೇಲೆ ಗೀರು ಎಳೆದಿತ್ತು. ಪಂಚಿನ ಗುರುತುಗಳೇ ನಾಲ್ಕಾರು, ಒಂದರ ಪಕ್ಕ ಒಂದು. ತೂತು ಅಂಡಾಕಾರವಾಗಿ ಒಂದು ಕಡೆಗೆ ಸರಿದಿತ್ತು. ಬ್ರಾಕೆಟ್ ತಂದು ಹಿಡಿದ. ಎಡಗಡೆ ಬೋಲ್ಟು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಬಲಗಡೆ ಕಾಳಿನಷ್ಟು ತಪ್ಪಿತ್ತು. ಆ ಕಾರಿನಡಿ ಡ್ರಿಲ್ ಹಿಡಿಯುವವರು ಭಾವನಲ್ಲದೆ ಇನ್ಯಾರೂ ಇರಲಿಲ್ಲ.

ಮೇಲೆ ಬಂದವನೇ ಶೆಡ್ಡಿಗಂಟಿದ ಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳಿದ, "ಈ ಬ್ರಾಕೆಟ್ಟಿನ ಅಳತೆ ಭಾವನಿಗೆ ಹೇಗೆ ಸಿಕ್ತು?"

ಅವಳು ಒದ್ದೆ ಕೈ ಒರೆಸಿಕೊಂಡು ಹೊರಗೆ ಬಂದಳು. "ನೀವಿಲ್ಲದಾಗ ಒಂದಿನ ಬಂದಿದ್ರು ರೀ. ಗೋಣಿಚೀಲ ಸರಿಸಿ ಟೇಪ್ ಹಿಡಿದು ಅಳೆದ್ರು. ಅವನಿಗೆ ಹೇಳ್ಬೇಡಮ್ಮ, ನಾನೇ ಹೇಳ್ತೀನಿ ಅಂದ್ರು. ಹೋದೋರಿಗೆ ಕೊಟ್ಟ ಮಾತು, ಹೇಗೆ ಮುರೀಲಿ?"

ಗೇರಪ್ಪ ಮತ್ತೆ ಗುಂಡಿಗಿಳಿದ. ಬಲಗಡೆಯ ಆ ಗೀರುಗಳನ್ನು ಬೆರಳಿನಿಂದ ಸವರಿದ. ಕಣ್ಣು ಮುಚ್ಚಿ ಕೊರೆದರೂ ಗುರಿ ತಪ್ಪದ ಕೈ ಅದು. ಆ ಕೈ ನಡುಗಿತ್ತು. ಒಬ್ಬರೇ ಕಾರಿನಡಿ ಅಂಗಾತ ಮಲಗಿ, ಜಾರುವ ಡ್ರಿಲ್ಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಹೆಣಗಿದ್ದರು. ಎರಡು ಬೀದಿಯಾಚೆ ತಾನಿದ್ದ, ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅವನಿಗೆ ದುಃಖ ಉಕ್ಕಿ ಬಂತು. ಗುಂಡಿಯೊಳಗೆ ಕುಕ್ಕುರುಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಓರೆಯಾದ ತೂತನ್ನು ಸರಿಮಾಡುವುದು ಅವನಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಅವನು ಹಾಗೆ ಮಾಡಲಿಲ್ಲ. ಬ್ರಾಕೆಟ್ಟನ್ನು ವೈಸಿಗೆ ಕಚ್ಚಿಸಿ, ದುಂಡು ಅರದಿಂದ ಅದರ ತೂತನ್ನೇ ಉಜ್ಜಿ ಉಜ್ಜಿ ಭಾವನ ತೂತಿಗೆ ಹೊಂದಿಸಿದ. ತನ್ನ ಕೆಲಸ ಸೊಟ್ಟಗಾದರೆ ಆಗಲಿ. ಬಲಗಡೆಯ ಬೋಲ್ಟೂ ಇಳಿಯಿತು.

ಅಕ್ಕ ಬಂದು ಓಡಿಸಲು ಕೂತಳು. ಪಕ್ಕದಲ್ಲಿ ಗೇರಪ್ಪ. ಊರು ದಾಟಿ ಹೈವೇಗೆ ಬಂದರು. ನಾಲ್ಕನೇ ಗೇರಿನಲ್ಲಿ ಕಾರು ಎಂದಿನಂತೆ ಅರಚತೊಡಗಿತು. ಅಕ್ಕ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು.

"ಇನ್ನೊಂದಿದೆ ಅಕ್ಕ. ಬಲಕ್ಕೆ ಸರಿಸಿ ಮೇಲೆ ತಳ್ಳು."

ತಳ್ಳಿದಳು. ಕಿರುಚಾಟ ಇಳಿಯಿತು. ಕಿಟಕಿಯ ಗಾಳಿಯ ಸದ್ದು ಮೊದಲ ಸಲ ಕೇಳಿಸಿತು. ಅಕ್ಕನ ಭುಜಗಳು ಸಡಿಲವಾದವು. ಗೇರಪ್ಪ ಎರಡು ತೂತುಗಳ ಕಥೆ ಹೇಳಿದ. ಕಿರುಚುವ ಕಾರಿನಲ್ಲಿ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು, "ಕೈ ನಡುಕ ಶುರುವಾಗಿತ್ತು, ಯಾರಿಗೂ ಹೇಳ್ಬೇಡ ಅಂದಿದ್ರು. ಕೊನೇ ತಿಂಗಳು ದಿನಾ ಕಾರಿನಡಿ ಸೇರ್ಕೊಳ್ತಿದ್ರು. ತಮ್ಮನ್ನ ಕರೀಲಾ ಅಂತ ನಾನು ಕೇಳ್ದಾಗೆಲ್ಲ ಒಂದೇ ಮಾತು. ಈ ಕೆಲಸ ಒಂದು ಮುಗೀಲಿ, ಆಮೇಲೆ ನಾನೇ ಹೋಗಿ ಕರ್ಕೊಂಡ್ಬರ್ತೀನಿ ಅಂತ. ಸುಮ್ನೆ ನೆಪ ಹೇಳ್ತಿದಾರೆ ಅಂದ್ಕೊಂಡೆ. ಯಾವ ಕೆಲಸ ಅಂತ ನಂಗೇನು ಗೊತ್ತಿತ್ತು ಕಣೋ."

ಹಿಂದಿರುಗುವಾಗ ಅಕ್ಕ ಕಾರನ್ನು ನೇರ ತನ್ನ ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದಳು. ಇಳಿದು, ಬಾಗಿಲು ತೆರೆದು ಒಳಗೆ ಹೋದಳು. ಬಾ ಎನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಬಾಗಿಲು ಮಾತ್ರ ಹಾಗೇ ತೆರೆದಿತ್ತು.

ಗೇರಪ್ಪ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ.