ದೇವರ ಅಕ್ಕಿಯಲ್ಲಿ ಇದ್ದಿಲು

ಸುಯ್ ಹ್ನೆಮ್ ಅಡುಗೆಗೆ ಅಕ್ಕಿ ಅಳೆದುಕೊಂಡ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾಳೆ. ಅದು ದೇವರ ಹಿಡಿ. ಚಿನ್ ಬೆಟ್ಟಗಳ ಹೆಂಗಸರು ಒಲೆ ಹಚ್ಚಿದಾಗಲೆಲ್ಲ ಮಾಡುವ ಕೆಲಸ. ವಾರದ ಕೊನೆಗೆ ಡಬ್ಬಿ ಚರ್ಚಿಗೆ ಹೋಗುತ್ತದೆ. ಬರ್ಮಾದ ಸೈನ್ಯ ಊರು ಸುಟ್ಟ ಮೇಲೆ ಅವಳು ಗಡಿಯ ಟಿಯಾವ್ ಹೊಳೆ ದಾಟಿ ಮಿಜೋರಾಮಿಗೆ ಬಂದಳು. ಇಲ್ಲಿ ಚರ್ಚಿನವರು ಕಟ್ಟಿಸಿಕೊಟ್ಟ ಬಿದಿರಿನ ಗುಡಿಸಲಿನಲ್ಲೂ ಆ ಡಬ್ಬಿ ಇದೆ. ಅಕ್ಕಿಯೇ ಚರ್ಚು ಕೊಟ್ಟದ್ದು, ಅದರಲ್ಲಿ ಚರ್ಚಿಗೇ ಪಾಲು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ.

ಮೊದಲು ಆಡಿಕೊಂಡವನು ಹ್ಮಿಂಗಾ. ಮಿಜೋ ಚರ್ಚಿನ ಪರವಾಗಿ ಈ ನಿರಾಶ್ರಿತರ ಶಿಬಿರಕ್ಕೆ ಅಕ್ಕಿ, ಬೇಳೆ, ಕಂಬಳಿ ತಂದು ಹಂಚುವವನು. ಒಳ್ಳೆಯವನೇ, ಬಾಯಿ ಮಾತ್ರ ಜೋರು.

“ಅಲ್ಲ ಅಕ್ಕ, ನಾವು ಮನೆಮನೆ ಅಲೆದು ಹಿಡಿ ಹಿಡಿ ಎತ್ತಿ ಇಲ್ಲಿಗೆ ತರ್ತೀವಿ. ನೀವು ಅದ್ರಲ್ಲೇ ಹಿಡಿ ತೆಗೆದು ನಮ್ಗೇ ವಾಪಸ್ ಕೊಟ್ರೆ ದೇವ್ರಿಗೂ ಲೆಕ್ಕ ತಪ್ಪಿಹೋಗುತ್ತೆ. ಸುಮ್ನೆ ಉಂಡ್ಬಿಡಿ. ಮಿಕ್ಕಿದ್ರೆ ನೋಡ್ಕೊಳ್ಳೋಣ.”

“ಮಿಕ್ಕಿದ್ದು ಕೊಡೋಕೆ ದೇವ್ರೇನು ನಮ್ಮನೆ ಹಂದೀನಾ?” ಎಂದಳು ಸುಯ್ ಹ್ನೆಮ್. ಸಾಲಿನಲ್ಲಿ ನಿಂತ ಹೆಂಗಸರು ಬಿದ್ದು ಬಿದ್ದು ನಕ್ಕರು. ಹ್ಮಿಂಗಾ ಕೂಡ ನಕ್ಕ. ಅವನು ನಗುತ್ತಿರುವಾಗಲೇ ಅವಳು ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟಳು: “ನಿಮ್ಗೆ ಬೇಡ್ದಿದ್ರೆ ಹೊಳೆ ಆಚೆಗೆ ಕಳ್ಸಿ. ಕಾಡಲ್ಲಿ ಅಡಗಿಕೊಂಡಿರೋ ನಮ್ಮೂರೋರಿಗೆ ಯಾರು ಅಕ್ಕಿ ಹಂಚ್ತಾರೆ?”

ಆ ಕಾಡಿನಲ್ಲಿ ಅವಳ ತಾಯಿ ಪಿ ತಿಯಾಲ್ ಇರಬೇಕು. ಇರಬೇಕು, ಅಷ್ಟೇ. ಊರು ಬಿಟ್ಟ ದಿನ ಸುಯ್ ಹ್ನೆಮ್ ತನ್ನ ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮುದುಕಿ ಇನ್ನೂ ಕೋಳಿಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. “ನೀನು ಮಗೂನ ದಾಟ್ಸು. ನನ್ನ ಮೊಣಕಾಲಿಗೆ ನಿನ್ನ ಓಟ ಆಗಲ್ಲ. ಹಿಂದೆ ಬರೋರ ಜೊತೆ ಬರ್ತೀನಿ ಹೋಗು” ಎಂದಳು. ಹಿಂದಿನವರು ಬಂದರು, ಮುದುಕಿ ಬರಲಿಲ್ಲ. ಕಾಡಿಗೆ ಹೋದವರ ಜೊತೆ ಕಂಡೆವು ಎಂದರು ಕೆಲವರು. ಆ ಮಳೆಗಾಲದ ಜ್ವರದಲ್ಲೇ ತೀರಿಕೊಂಡಳಂತೆ ಎಂದರು ಇನ್ನು ಕೆಲವರು. ಅದಾಗಿ ಎರಡು ವರ್ಷ. ಸತ್ತಿದ್ದರೆ ಅತ್ತು ಮುಗಿಸಬಹುದಿತ್ತು. ಸಂಜೆ ಆಚೆ ಗುಡ್ಡದಲ್ಲಿ ಹೊಗೆ ಎದ್ದರೆ ಅವ್ವ ಒಲೆ ಹಚ್ಚಿದಳು ಎಂದು ಸುಯ್ ಹ್ನೆಮ್‌ಗೆ ಅನಿಸುತ್ತದೆ. ಅಲ್ಲವೆಂದು ಗೊತ್ತಿದ್ದರೂ ಅನಿಸುತ್ತದೆ, ಮತ್ತೆ ತನ್ನ ಒಲೆಯ ಮುಂದೆ ಕೂರಲು ಮನಸ್ಸು ಬರುವುದಿಲ್ಲ.

ಹಿಡಿ ಅಕ್ಕಿಯ ಪಾಠ ಹೇಳಿಕೊಟ್ಟವಳೂ ಆ ಮುದುಕಿಯೇ. ಊರಿನ ಹೆಂಗಸರೆಲ್ಲ ಹುಳ ಬೀಳದಿರಲೆಂದು ಡಬ್ಬಿಗೆ ಒಣಮೆಣಸಿನಕಾಯಿ ಹಾಕಿದರೆ ಪಿ ತಿಯಾಲ್ ಒಲೆಯ ಇದ್ದಿಲು ಹಾಕುತ್ತಿದ್ದಳು. ಇಡೀ ಊರಿಗೆ ಅವಳೊಬ್ಬಳೇ. ಪಾಸ್ಟರ್ ಬಿಯಾಕ್ ಲಿಯಾನ್ ಪ್ರತಿ ವಾರ ಗೊಣಗುತ್ತಿದ್ದರು.

“ಅಯ್ಯೋ ಅಜ್ಜಿ, ನಿಮ್ಮ ಅಕ್ಕಿಯಿಂದ ಎಲ್ರ ಅಕ್ಕೀನೂ ಕಪ್ಪಗಾಯ್ತಲ್ಲ!”

“ತೊಳ್ಕೊಳ್ಳಿ ಪಾಸ್ಟರೇ. ಪಾಪಾನೇ ತೊಳೀಬಹುದು ಅಂತೀರಿ, ಅಕ್ಕಿ ಯಾವ ಮಹಾ!”

ಆ ಪಾಸ್ಟರೂ ಈಗ ಇದೇ ಶಿಬಿರದಲ್ಲಿದ್ದಾರೆ. ಸುಯ್ ಹ್ನೆಮ್ ಮಾತು ಕೇಳಿ ಮೊದಲು ತಲೆ ಕೆರೆದುಕೊಂಡರು. ಹಿಡಿ ಅಕ್ಕಿ ಚರ್ಚಿನ ಸಭೆಯ ಸ್ವತ್ತು, ಹಾಗೆಲ್ಲ ಕಳಿಸಿಬಿಡಲು ಆಗುತ್ತದೆಯೇ? “ಕಾಡಲ್ಲಿರೋರು ಯಾವ ಸಭೆಯವ್ರು ಪಾಸ್ಟರೇ?” ಎಂದು ಅವಳು ಕೇಳಿದ ಮೇಲೆ ತಾವೇ ಒಂದು ಖಾಲಿ ಚೀಲ ಹುಡುಕಿ ತಂದರು. ಅಂದಿನಿಂದ ಶಿಬಿರದ ಡಬ್ಬಿಗಳ ಅಕ್ಕಿಯೆಲ್ಲ ಆ ಚೀಲಕ್ಕೆ ಬೀಳುತ್ತಿತ್ತು. ಹ್ಮಿಂಗಾ ಗೊಣಗಿಕೊಂಡೇ ಅದನ್ನು ಹೊತ್ತು ಹೊಳೆದಂಡೆ ಮುಟ್ಟಿಸುತ್ತಿದ್ದ. ಆಚೆಯವರು ತೆಪ್ಪದಲ್ಲಿ ಬಂದು ಒಯ್ಯುತ್ತಿದ್ದರು. ಪಿ ತಿಯಾಲ್ ಎಂಬ ಮುದುಕಿ ಇದ್ದಾಳೆಯೇ ಎಂದು ಸುಯ್ ಹ್ನೆಮ್ ಪ್ರತಿ ಸಲವೂ ಅವನ ಕೈಲಿ ಕೇಳಿಸುತ್ತಿದ್ದಳು. “ನಾವು ಮುಂದಿನೋರ ಕೈಗೆ ಕೊಡ್ತೀವಿ, ಅವ್ರು ಅವ್ರ ಮುಂದಿನೋರ್ಗೆ. ಯಾವ ಅಜ್ಜಿ ಅಂತ ಹೇಳೋಣ?” ಎಂದು ಪ್ರತಿ ಸಲವೂ ಅದೇ ಉತ್ತರ ಬರುತ್ತಿತ್ತು. ಚೀಲ ಮಾತ್ರ ಖಾಲಿಯಾಗಿ ಹಿಂದಿರುಗುತ್ತಿತ್ತು. ಅವಳು ಅದನ್ನು ಕೊಡವಿ, ಮೂಸಿ ನೋಡಿ, ಮಡಚಿಡುತ್ತಿದ್ದಳು.

ಚಳಿ ಶುರುವಾದ ಒಂದು ಬೆಳಗ್ಗೆ ಹ್ಮಿಂಗಾ ದೂರದಿಂದಲೇ ಕೂಗಿಕೊಂಡು ಬಂದ.

“ಅಕ್ಕ, ನಿಮ್ಮೋರು ನಿಮ್ಗಿಂತ ಹಟಮಾರಿಗಳು! ನೀವು ಕಳ್ಸಿದ್ರಲ್ಲೇ ಹಿಡಿ ಹಿಡಿ ತೆಗೆದಿಟ್ಟು ವಾಪಸ್ ಕಳ್ಸಿದಾರೆ. ದೇವರ ಪಾಲಂತೆ, ಚರ್ಚಿಗೆ ಸೇರಿಸ್ಬೇಕಂತೆ!”

ಎಲ್ಲರೂ ನಕ್ಕರು. ಸುಯ್ ಹ್ನೆಮ್ ಎಲ್ಲರಿಗಿಂತ ಜೋರಾಗಿ ನಕ್ಕಳು. ಪಾಸ್ಟರ್ ಮೊರ ತಂದು ಹಿಡಿದರು, ಅವಳು ಚೀಲ ಬಗ್ಗಿಸಿದಳು. ಅಕ್ಕಿಯ ಜೊತೆ ಕಪ್ಪನೆಯ ಎರಡು ಉಂಡೆ ಉರುಳಿ ಬಂದು ಮೊರದ ಅಂಚಿಗೆ ನಿಂತವು.

“ಅಯ್ಯೋ ಅಜ್ಜಿ, ಮತ್ತೆ ಅಕ್ಕಿ…” ಎಂದು ಅಭ್ಯಾಸಬಲದಿಂದ ಗೊಣಗಹೊರಟ ಪಾಸ್ಟರ್ ಅಲ್ಲಿಗೇ ನಿಲ್ಲಿಸಿದರು. ಮೊರವನ್ನು ಅವಳ ಮುಂದೆ ಇಟ್ಟರು.

ಸುಯ್ ಹ್ನೆಮ್ ಮೊರದ ಮೇಲೆ ಬಗ್ಗಿ ಮೂಸಿ ನೋಡಿದಳು. ಎರಡು ವರ್ಷ ಬಾರದ ಅಳು ಒಟ್ಟಿಗೇ ಬಂತು.

ಹ್ಮಿಂಗಾ ಗಾಬರಿಯಾದ. “ಏನಾಯ್ತಕ್ಕ? ಇದ್ದಿಲು ತಾನೇ, ಹೆಕ್ಕಿ ಬಿಸಾಕಿದ್ರಾಯ್ತು.”

“ಮುಟ್ಬೇಡಿ!” ಎಂದಳು. ಅಳು ನಿಂತ ಮೇಲೆ ಕೇಳಿದಳು, “ನಾನು ಒಂದ್ಸಲ ಆಚೆ ಹೋಗಿ ಬರ್ಲಾ?”

“ದಾರಿ ತುಂಬ ನೆಲಬಾಂಬು ಹೂತಿದಾರೆ ಅಕ್ಕ. ನಾವೇ ದಂಡೆ ಬಿಟ್ಟು ಮುಂದೆ ಹೋಗಲ್ಲ” ಎಂದ ಹ್ಮಿಂಗಾ, ಮೊದಲ ಸಲ ಮೆಲ್ಲಗೆ.

ಮುಂದಿನ ಚೀಲ ಕಟ್ಟುವಾಗ ಅವಳು ತನ್ನ ಒಲೆಯ ಇದ್ದಿಲೊಂದನ್ನು ಅಕ್ಕಿಯ ನಡುವೆ ಹೂತಿಟ್ಟಳು. ಹಸಿದವರಿಗೆ ಕಳಿಸುವ ಅಕ್ಕಿಗೆ ಇದ್ದಿಲು ಯಾಕೆ ಹಾಕಿದೆಯೇ ದಡ್ಡಿ, ಹುಳ ಬೀಳುವಷ್ಟು ದಿನ ಅದು ಉಳಿಯುತ್ತದೆಯೇ ಎಂದು ಅದನ್ನು ಕಂಡು ಅವ್ವ ಬೈಯುತ್ತಾಳೆ. ಬೈಯಲಿ. ಆ ಬೈಗುಳ ಒಂದು ಸಲ ಕಿವಿಯಾರೆ ಕೇಳಬೇಕೆಂದು ಸುಯ್ ಹ್ನೆಮ್‌ಳ ಜೀವ ಹಾತೊರೆಯುತ್ತದೆ.